ಇಳಿಯುವಾಗ ಇಸ್ಕೊಳ್ಳಿ

ಮೂರು ಸಾವಿರದ ನೂರಾ ಎಂಬತ್ತೆರಡು.
ಮೂವತ್ತೊಂದು ವರ್ಷ
ದಾವಣಗೆರೆ–ಮಲೇಬೆನ್ನೂರು, ದಾವಣಗೆರೆ–ಜಗಳೂರು
ನಿಂತೇ ದುಡಿದ ಕಾಲಿಗೆ
ತಿಂಗಳ ಬಾಡಿಗೆ.

ಬ್ಯಾಂಕಿನಿಂದ ತಂದು ಊಟದ ತಟ್ಟೆಯಲ್ಲಿ ಹರವುತ್ತೇನೆ,
ನೋಟಿನ ತಲೆಗಳೆಲ್ಲ ಒಂದೇ ಕಡೆ,
ಡಿಪೋದಲ್ಲಿ ಕಲೆಕ್ಷನ್ ಕಟ್ಟುವಾಗಿನ ಚಾಳಿ.
ಹಾಲವ್ವ ಎದುರು ಕೂತು ಸೌತೆಕಾಯಿ ಹೆಚ್ಚುತ್ತಾಳೆ,
ಕತ್ತೆತ್ತುವುದಿಲ್ಲ. ಅವಳಿಗೆ ಗೊತ್ತು,
ಎಷ್ಟು ಸಲ ಎಣಿಸಿದರೂ ನೋಟು ಮರಿ ಹಾಕುವುದಿಲ್ಲ.
ಅವಳ ಎರಡು ಸಾವಿರ ಬಂದ ತಿಂಗಳು ಬಂತು.
ಅದನ್ನು ನಂಬಿ ಒಲೆ ಹಚ್ಚುವಂತಿಲ್ಲ.

ಆಮೇಲೆ ಹತ್ತುತ್ತಾರೆ ಒಬ್ಬೊಬ್ಬರೇ.
ಗ್ಯಾಸು ಮೊದಲು, ಯಾವತ್ತೂ ಮುಂದಿನ ಬಾಗಿಲು.
ನೀರಿನ ಕಂದಾಯ: ವಾರಕ್ಕೊಮ್ಮೆ ಕೆಮ್ಮುವ ನಲ್ಲಿಗೆ
ವರ್ಷಪೂರ್ತಿಯ ಲೆಕ್ಕ.
ಹಾಲು, ಮೊನ್ನೆ ನಾಲ್ಕು ರೂಪಾಯಿ ಏರಿದ್ದು,
ಪಕ್ಕದ ಸೀಟಿಗೂ ಟವೆಲ್ ಹಾಕಿ ಕೂತಿದೆ.
ಸಕ್ಕರೆ ಕಾಯಿಲೆಯ ಗುಳಿಗೆ, ಬಿ.ಪಿ. ಗುಳಿಗೆ,
ಜೋಡಿ. ಒಂದನ್ನು ಬಿಟ್ಟು ಒಂದು ಊರು ದಾಟುವುದಿಲ್ಲ.
ಕಡ್ಲೆಬೇಳೆ, ಕೇಬಲ್ಲು, ಕಿತ್ತ ಚಪ್ಪಲಿಯ ಉಂಗುಟ.
"ಮುಂದೆ ನಡೀರಿ, ಮುಂದೆ ನಡೀರಿ, ಒಳಗೆ ಜಾಗ ಐತೆ"
ಅನ್ನುತ್ತಿದ್ದವನು ನಾನೇ.
ಸುಳ್ಳು ಹೇಳುತ್ತಿದ್ದೆ.

ಹತ್ತೊಂಬತ್ತನೇ ತಾರೀಕಿಗೆ ಬಸ್ಸು ಫುಲ್.
ಇನ್ನೂ ಹನ್ನೊಂದು ಸ್ಟಾಪು.

ಸಂತೆಯ ದಿನ ಹಾಲವ್ವ ಹರಿಹರಕ್ಕೆ ಹೋಗುತ್ತಾಳೆ.
ಹೆಂಗಸರಿಗೆ ಸೊನ್ನೆ ಟಿಕೆಟ್ಟು.
ಅಲ್ಲಿ ಬದನೆ ಕಿಲೋಗೆ ಹತ್ತು ರೂಪಾಯಿ ಅಗ್ಗ,
ಗೋಣಿ ಮಡಿಚುವ ಹೊತ್ತಿಗೆ ಇನ್ನೂ ಐದು.
ಜೊತೆಗೆ ನಾನು ಹೊರಟರೆ ನನ್ನ ಚಾರ್ಜು
ಉಳಿಸಿದ ಬದನೆಯನ್ನೆಲ್ಲ ತಿಂದುಬಿಡುತ್ತದೆ.
ಅದಕ್ಕೇ ಸ್ಟ್ಯಾಂಡಿನವರೆಗೆ ಚೀಲ ಹಿಡಿದು ಹೋಗಿ
ಹತ್ತಿಸಿ ನಿಲ್ಲುತ್ತೇನೆ.
ಕಂಡಕ್ಟರ್ ಹುಡುಗಿ ಸೀಟಿ ಊದುತ್ತಾಳೆ.
ರೈಟ್, ರೈಟ್, ಅನ್ನುತ್ತದೆ ನನ್ನ ಬಾಯಿ, ತಾನೇ.
ರಾತ್ರಿ ಆ ಸೊನ್ನೆ ಟಿಕೆಟ್ಟಿನ ಬೆನ್ನ ಮೇಲೆ
ಲೆಕ್ಕ ಬರೆಯುತ್ತೇನೆ. ಕಾಗದ ಉಳಿಯಿತು.

ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ
ಮಂಡಕ್ಕಿ ಹುರಿದ ವಾಸನೆ ಬಿಟ್ಟಿ.
ಸೇರು ಮಂಡಕ್ಕಿಗೆ ಒಂದು ಮಿರ್ಚಿ, ಇಬ್ಬರಿಗೆ ಸಾಕು:
ಮೆಣಸಿನಕಾಯಿ ಅವಳಿಗೆ, ಮೇಲಿನ ಹಿಟ್ಟು ನನಗೆ.
ಬೆಣ್ಣೆ ದೋಸೆ ವರ್ಷಕ್ಕೊಂದು ಪ್ಲೇಟು.
"ಬೆಣ್ಣೆ ಮೇಲೇ ಇಡಪ್ಪ," ಅನ್ನುತ್ತಾಳೆ ಭಟ್ಟನಿಗೆ,
"ಕರಗೋದನ್ನೂ ನೋಡಾಣ."

ನವೆಂಬರಿನಲ್ಲಿ
ನಾನು ಬದುಕಿದ್ದೇನೆ ಎಂದು ತೋರಿಸಬೇಕು.
ಗಡಿಯಾರ ಕಂಬದ ಹತ್ತಿರದ ಅಂಗಡಿಯಲ್ಲಿ
ಹೆಬ್ಬೆರಳು ಇಟ್ಟೆ. ಕೆಂಪು ದೀಪ.
ಒರೆಸಿ ಇಟ್ಟೆ. ಕೆಂಪು.
"ಗೆರೆ ಸವೆದಾವೆ ಅಜ್ಜ," ಅಂದ ಹುಡುಗ.
ಸವೆಯದೆ? ಎಷ್ಟು ಟಿಕೆಟ್ಟು ಹರಿದ ಬೆರಳು,
ಎಷ್ಟು ನಾಲ್ಕಾಣೆ, ಎಂಟಾಣೆ ತಿಕ್ಕಿದ್ದು.
ಗೆರೆಗಳೆಲ್ಲ ಯಾರ್ಯಾರದೋ ಊರಲ್ಲಿ ಇಳಿದು ಹೋಗಿವೆ.
ಹಾಲವ್ವ ಬಾಗಿ ಯಂತ್ರಕ್ಕೇ ಹೇಳಿದಳು:
"ಅದಾರಪ್ಪ, ಅದಾರೆ. ಬೆಳಿಗ್ಗೆ ಇನ್ನೂ
ಸಕ್ಕರಿ ಡಬ್ಬಿ ಸಲುವಾಗಿ ಜಗಳ ಆಡ್ಯಾರೆ."
ಕೊನೆಗೆ ಕಣ್ಣು ಹಿಡಿಯಿತು. ಹಸಿರು.

ಎಪ್ಪತ್ತು ರೂಪಾಯಿ. ನೂರರ ನೋಟು ಕೊಟ್ಟೆ.
"ಚಿಲ್ಲರೆ ಇಲ್ಲ, ಫೋನಲ್ಲಿ ಹಾಕ್ರಿ."
ನನ್ನ ಫೋನಿಗೆ ಗುಂಡಿಗಳಿವೆ, ಅಷ್ಟೆ.
ರಸೀದಿಯ ಹಿಂದೆ ಮೂವತ್ತು ಎಂದು ಬರೆದು,
ಸುತ್ತ ಒಂದು ಗೆರೆ ಸುತ್ತಿ ಕೊಟ್ಟ,
ನಾನು ಸುತ್ತುತ್ತಿದ್ದ ಹಾಗೇ.

ಎಷ್ಟೋ ಜನ ನಿದ್ದೆಗಣ್ಣಲ್ಲಿ ಇಳಿದುಬಿಡುತ್ತಿದ್ದರು.
ಕುಂಬಳೂರಿನಲ್ಲಿ ಒಬ್ಬಳು, ಕಂಕುಳಲ್ಲಿ ಕೂಸು,
ಏಳು ರೂಪಾಯಿ ಮರೆತು.
ಕೂಗಬಹುದಿತ್ತು. ಬಸ್ಸಿನ್ನೂ ಹೊರಟಿರಲಿಲ್ಲ.
ಆ ತಿಂಗಳೂ ಹತ್ತೊಂಬತ್ತಕ್ಕೇ ತುಂಬಿತ್ತು.

ಚೀಟಿ ಮಡಿಚಿ ಜೇಬಿಗಿಟ್ಟೆ.
"ಯಾವಾಗ ಕೊಡ್ತಾನಂತೆ?" ಕೇಳಿದಳು ಹಾಲವ್ವ,
ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು.
ಇಳಿಯುವಾಗ ಇಸ್ಕೊಳ್ಳಿ, ಅಂದೆ.